ಸಹಾಯ ಬೇಕು: ಭತ್ತದ ತೇವಾಂಶ ಮೀಟರ್, ಅಳತೆ ಮೊದ್ಲೋ ಆಕಾರ ಮೊದ್ಲೋ?

ಎಲ್ಲರಿಗೂ ನಮಸ್ಕಾರ್ರಿ, ರಾಯಚೂರಿಂದ. ಫೈನಲ್ ಇಯರ್ ಪ್ರಾಜೆಕ್ಟ್, ಟೀಮಿನ್ಯಾಗ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಡಿಸೈನ್ ಮೂರೂ ಕಡೆಯವ್ರು ಅದೀವಿ. ಸಿಂಧನೂರು ಕಡೆ ರಸ್ತೆ ಮ್ಯಾಲೆ ಭತ್ತ ಒಣಹಾಕ್ತಾರಲ್ಲ, ಅಲ್ಲೇ ನಿಂತು ತೇವಾಂಶ ನೋಡೋ ಸಣ್ಣ ಮೀಟರ್ ಮಾಡಬೇಕು. ಬೆಂಬಲ ಬೆಲೆ ಖರೀದಿಗೆ ಶೇ 17 ದಾಟಂಗಿಲ್ಲ.

ಕೆಪಾಸಿಟೆನ್ಸ್ ಸೆನ್ಸರ್ (ಎರಡು ಲೋಹದ ಪಟ್ಟಿ ನಡುವೆ ಕಾಳು ತುಂಬಿದಾಗ ಎಷ್ಟು ಚಾರ್ಜ್ ಹಿಡೀತದ ಅಂತ ನೋಡಿ ತೇವಾಂಶ ಹೇಳೋದು) ಹಾಕೀವಿ. ಅದೇ ಭತ್ತ ಸಡಿಲ ಸುರಿದ್ರ ಒಂದು ರೀಡಿಂಗ್, ಡಬ್ಬಿ ಕುಟ್ಟಿ ತುಂಬಿದ್ರ ಇನ್ನೊಂದು. ಬಿಸಿಲಿಗೆ ಕಾದ ಕಾಳಿಗೆ ಮತ್ತೂ ಬ್ಯಾರೆ (ನಮ್ಮ ಕಡೆ ಬಿಸಿಲು ಗೊತ್ತಲ್ಲ). ಉಷ್ಣಾಂಶದ್ದು ಥರ್ಮಿಸ್ಟರ್ (ಬಿಸಿ ಅಳೆಯೋ ಸಣ್ಣ ಸೆನ್ಸರ್) ಹಾಕಿ ಸರಿಮಾಡಿದ್ವಿ, ಓವನ್‌ನಾಗ ಒಣಗಿಸಿ ತೂಕ ಹಾಕಿ ತಾಳೆ ನೋಡಿದ್ವಿ, ಹೊಂದ್ತದ. ತುಂಬೋದ್ರದ್ದೇ ಬಗೆಹರೀವಲ್ದು.

ಎಲೆಕ್ಟ್ರಾನಿಕ್ಸ್‌ನವ್ರು ದೊಡ್ಡ ಡಬ್ಬಿ, ಮ್ಯಾಲೆ ಲಾಳಿಕೆ, ಕೆಳಗ ಲೋಡ್ ಸೆಲ್ (ತೂಕ ಅಳೆಯೋ ಸೆನ್ಸರ್) ಬೇಕೇಬೇಕು, ತೂಕ ಗೊತ್ತಾದ್ರ ಎಷ್ಟು ಒತ್ತಾಗಿ ತುಂಬೇದ ಅಂತ ಲೆಕ್ಕ ಹಾಕಿ ರೀಡಿಂಗ್ ಸರಿಮಾಡಬಹುದು ಅಂತಾರ. ಡಿಸೈನ್ ಹುಡುಗಿ ರೈತರ ಕೈಯಾಗ ಥರ್ಮಾಕೋಲ್ ಮಾಡೆಲ್ ಕೊಟ್ಟು ನೋಡಿ ಬಂದಾಳ. "ಒಂದು ಕೈಯಾಗ ಮೀಟರ್ ಹಿಡಿದು ಇನ್ನೊಂದ್ರಿಂದ ಒಂದು ಹಿಡಿ ಭತ್ತ ಹಾಕ್ತಾರ, ತೂಕಕ್ಕ ಯಾರೂ ಕಾಯಂಗಿಲ್ಲ" ಅಂತಾಳ. ಇಬ್ಬರದೂ ಖರೆ ಅನಿಸ್ತದ. ಗೈಡ್ ಸರ್ "ನೀವೇ ಕೂತು ತೀರ್ಮಾನ ಮಾಡ್ರಿ" ಅಂದು ಕೈಬಿಟ್ರು.

ಇಂಥ ಟೀಮಿನ್ಯಾಗ ಕೆಲಸ ಮಾಡಿದವ್ರು ಹೇಳ್ರಿ: ಡಬ್ಬಿಯ ಅಳತೆ ಮೊದ್ಲು ಫಿಕ್ಸ್ ಮಾಡಿ ಅದರ ಸುತ್ತ ಆಕಾರ ಕಟ್ಟಬೇಕೋ, ಇಲ್ಲಾ ಸಣ್ಣ ಆಕಾರದಾಗೇ ಲೋಡ್ ಸೆಲ್ ಇಲ್ದ ಪ್ರತಿಸಲ ಭತ್ತ ಒಂದೇ ಥರ ತುಂಬೋ ಹಾದಿ ಏನರ ಅದನೋ?