ಲೋಕ ಮುಗಿದ ಮೇಲೆ ಪುಸ್ತಕ ಯಾರಿಗೆ?

ಸುಮಾ: ಎರಡು ಹಳೆಯ ಅಮೆರಿಕನ್ ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿದೆ. ಜಾರ್ಜ್ ಸ್ಟೀವರ್ಟ್ ಅವರ ‘ಅರ್ಥ್ ಅಬೈಡ್ಸ್’ (1949), ವಾಲ್ಟರ್ ಮಿಲ್ಲರ್ ಅವರ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ (1959). ಮೊದಲನೆಯದರಲ್ಲಿ ಯಾವುದೋ ರೋಗ ಬಂದು ಹೆಚ್ಚುಕಮ್ಮಿ ಎಲ್ಲರೂ ಸಾಯುತ್ತಾರೆ. ಬದುಕುಳಿದ ಇಶ್‌ಗೆ ಬರ್ಕ್ಲಿ ವಿಶ್ವವಿದ್ಯಾಲಯದ ದೊಡ್ಡ ಲೈಬ್ರರಿಯೇ ಹತ್ತಿರದಲ್ಲಿದೆ. ಆದರೂ ಮಕ್ಕಳಿಗೆ ಓದು ಹತ್ತುವುದಿಲ್ಲ. ಕೊನೆಗೆ ಅವನು ಪಾಠ ಬಿಟ್ಟು ಬಿಲ್ಲು ಮಾಡುವುದನ್ನು ಕಲಿಸುತ್ತಾನೆ. ಎರಡನೆಯದರಲ್ಲಿ ಅಣುಯುದ್ಧ ಆದ ಮೇಲೆ ಜನ ಓದಿದವರನ್ನು ಕೊಂದು ಪುಸ್ತಕ ಸುಡುತ್ತಾರೆ. ಕ್ರೈಸ್ತ ಸನ್ಯಾಸಿಗಳು ಉಳಿದ ಕಾಗದಗಳನ್ನು ನೂರಾರು ವರ್ಷ ಕಾಪಾಡುತ್ತಾರೆ. ಇಶ್ ಸೋತ, ಸನ್ಯಾಸಿಗಳು ಗೆದ್ದರು ಅಂತ ನನಗನ್ನಿಸಿತು. ನೀವೇನಂತೀರಿ?

ಪ್ರಕಾಶ್: ಗೆದ್ದರು ಅನ್ನುವುದು ಹೇಗೆ ಮೇಡಂ? ಫ್ರಾನ್ಸಿಸ್ ಎಂಬ ಸನ್ಯಾಸಿ ಒಂದು ಸರ್ಕ್ಯೂಟಿನ ನಕ್ಷೆಯನ್ನು ವರ್ಷಗಟ್ಟಲೆ ಕೂತು ಚಿನ್ನದ ಬಣ್ಣ ಹಾಕಿ ನಕಲು ಮಾಡುತ್ತಾನೆ. ಅದೇನು ಅಂತ ಅವನಿಗೇ ಗೊತ್ತಿಲ್ಲ. ಕಳ್ಳರು ದಾರಿಯಲ್ಲಿ ಆ ಚಿನ್ನದ ನಕಲನ್ನೇ ಕಿತ್ತುಕೊಂಡು, ಮೂಲವನ್ನು ಬಿಟ್ಟು ಹೋಗುತ್ತಾರೆ. ಮುಂದೆ ಆ ವಿದ್ಯೆ ಮರಳಿ ಬಂದಾಗ ಅದರ ಜೊತೆ ಬಾಂಬೂ ಬರುತ್ತದೆ. ಇಶ್‌ನ ಮೊಮ್ಮಕ್ಕಳು ಹಳೆಯ ನಾಣ್ಯ ತಟ್ಟಿ ಬಾಣದ ಮೊನೆ ಮಾಡಿಕೊಂಡರು, ಬದುಕಿದರು.

ಗಿರೀಶ್: ಪ್ರಕಾಶ್ ಸರ್, ಸನ್ಯಾಸಿಗಳನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದವರು. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಮಠ ನೆಲಸಮವಾದ ದಾಳಿಯಲ್ಲಿ ಅವರೂ ಇದ್ದರು. ಸಾವಿರದ ನಾನೂರು ವರ್ಷದ ಮಠ ಅದು. ಅದನ್ನು ಕೆಡವಿದ ಮನುಷ್ಯ ಕಾಗದ ಕಾಯುವ ಮಠದ ಕಥೆ ಬರೆದ. ಫ್ರಾನ್ಸಿಸ್ ನಕಲು ಮಾಡುವ ಪುಟಗಳನ್ನು ಓದುವಾಗ ನನಗೆ ಗಂಟಲು ಕಟ್ಟಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಪ್ರೀತಿಯಿಂದ ಮಾಡಿದ್ದಾನೆ ಅಲ್ವಾ?

ಪ್ರಕಾಶ್: ಈ ವಿಷಯ ಗೊತ್ತಿರಲಿಲ್ಲ. ಆ ಭಾಗ ಮತ್ತೊಮ್ಮೆ ಓದುತ್ತೇನೆ. ಆದರೆ ಪ್ರೀತಿ ಇದ್ದರೂ ಬಾಂಬ್ ಬಂತು. ಅಲ್ಲಿಂದ ನಾನು ಕದಲುವುದಿಲ್ಲ.

ನಾಗರತ್ನ: ನಾನು ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಹಾಗಾಗಿ ಪ್ಯಾಟ್ ಫ್ರಾಂಕ್ ಅವರ ‘ಅಲಾಸ್, ಬ್ಯಾಬಿಲಾನ್’ ನೆನಪಾಯಿತು. ಅದೂ 1959ರದ್ದೇ. ಅಣುಯುದ್ಧ ಆದ ಮೇಲೆ ಫ್ಲಾರಿಡಾದ ಸಣ್ಣ ಊರಿನಲ್ಲಿ ಕರೆಂಟ್ ಇಲ್ಲ, ಟಿವಿ ಇಲ್ಲ. ಆಗ ಆಲಿಸ್ ಎಂಬ ಲೈಬ್ರರಿಯನ್ ಹತ್ತಿರ ಜನ ಬರತೊಡಗುತ್ತಾರೆ. ಊರಿನಲ್ಲಿ ಉಪ್ಪು ಮುಗಿಯುತ್ತದೆ. ಉಪ್ಪು ಸಿಗುವ ಜಾಗ ಗೊತ್ತಾಗುವುದು ನಾಯಕನ ಪೂರ್ವಜರ ಹಳೆಯ ದಿನಚರಿಯಿಂದ! ಬೇಕಾದಾಗ ಜನ ಓದುತ್ತಾರೆ. ಇಶ್‌ನ ಮಕ್ಕಳಿಗೆ ಆ ಬೇಕು ಅನ್ನುವುದೇ ಹುಟ್ಟಲಿಲ್ಲ. ಅಂಗಡಿಗಳ ತುಂಬ ಡಬ್ಬಿ ಊಟ ಇತ್ತು.

ಸುಮಾ: ನಾಗರತ್ನ ಅಕ್ಕ, ನಲ್ಲಿಯಲ್ಲಿ ನೀರೂ ಬರುತ್ತಿತ್ತು! ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ದಿನ ಅದು ನಿಂತುಹೋಗುತ್ತದೆ. ಅಷ್ಟು ವರ್ಷ ಸುಮ್ನೆ ಕೂತಿದ್ದಕ್ಕೆ ನನಗೆ ಇಶ್ ಮೇಲೆ ಕೋಪ.

ಗಿರೀಶ್: ಪಾಠ ಮಾಡುವವನಾಗಿ ಒಂದು ಮಾತು. ಇಶ್ ಪೂರ್ತಿ ಸುಮ್ಮನಿರಲಿಲ್ಲ. ಓದಿನ ಆಸೆ ಇದ್ದ ಒಬ್ಬನೇ ಮಗ ಜೋಯಿ. ಇಶ್ ತನ್ನ ಆಸೆಯನ್ನೆಲ್ಲ ಅವನೊಬ್ಬನ ಮೇಲೆ ಇಟ್ಟ. ಟೈಫಾಯ್ಡ್ ಬಂದು ಜೋಯಿ ಸತ್ತ. ಬಿಲ್ಲು ಕಲಿಸಿದ್ದು ಅದಾದ ಮೇಲೆ. ತರಗತಿಯಲ್ಲಿ ಜಾಣ ಹುಡುಗನೊಬ್ಬನನ್ನೇ ನೋಡುತ್ತಾ ಪಾಠ ಮಾಡುವ ತಪ್ಪು ನಾನೂ ಮಾಡಿದ್ದೇನೆ. ಉಳಿದವರಿಗೂ ಅಕ್ಷರ ಹಿಡಿಸುವ ದಾರಿ ಅವನು ಇನ್ನಷ್ಟು ಹುಡುಕಬೇಕಿತ್ತು.

ಸುಮಾ: ಜೋಯಿ ಸತ್ತಾಗ ನಾನು ಪುಸ್ತಕ ಎರಡು ದಿನ ಮುಟ್ಟಲಿಲ್ಲ ಸರ್.