ಅಪ್‌ಡೇಟ್: ಕೊನೆಗೂ ಲಕ್ಷದ್ವೀಪವೇ ಗೆದ್ದಿತು

ಹಡಗಿನ ಪ್ರವಾಸದ ಹುಚ್ಚಿರುವ ನಾವು ಹನ್ನೊಂದು ಜನ ಸಿಂಗಪುರದ ಕ್ರೂಸ್ ಹಿಡಿಯುವುದೋ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವುದೋ ಎಂದು ಹಿಂದೊಮ್ಮೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಸಿಂಗಪುರದಿಂದ ಹೊರಟು ಅಲ್ಲಿಗೇ ಮರಳುವವರಿಗೆ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕೆಂದು ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು. ನಮ್ಮ ಏಜೆಂಟ್ ಆ ಮಾತನ್ನೇ ಎತ್ತಿರಲಿಲ್ಲ.

ಆರಿಸಿಕೊಂಡದ್ದು ‘ಸಮುದ್ರಂ’ ಪ್ರವಾಸ: ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳು, ರಾತ್ರಿ ಹಡಗಿನಲ್ಲೇ ನಿದ್ದೆ. ದ್ವೀಪದ ಸುತ್ತ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಅಲ್ಲಿಂದ ದೋಣಿಗೆ ಇಳಿಯಬೇಕು. ಮಂಡಿನೋವಿನ ನಮ್ಮ ಅತ್ತೆಯವರು ಇದನ್ನು ಕೇಳಿ ಹಿಂಜರಿಯುತ್ತಾರೆ ಎಂದುಕೊಂಡಿದ್ದೆ. 1885ರ ಮಿನಿಕಾಯ್ ದೀಪಸ್ತಂಭವನ್ನು ಹತ್ತಿಯೇ ತೀರುವುದಾಗಿ ಎಲ್ಲರಿಗಿಂತ ಮೊದಲು ಘೋಷಿಸಿದವರು ಅವರೇ! ಹಿಂದೆ ಸರಿದದ್ದು ಇನ್ನೊಬ್ಬರು; ಈ ದ್ವೀಪಗಳಲ್ಲಿ ಪಾನನಿರೋಧವಿದೆ ಎಂದು ತಿಳಿದ ದಿನವೇ ಅವರಿಗೆ ಕಚೇರಿಯ ಕೆಲಸ ನೆನಪಾಯಿತು.

ಉಳಿದ ಹತ್ತು ಜನರ ಪ್ರವೇಶ ಪರವಾನಗಿಯ ಕಾಗದಪತ್ರ ಕೂಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮಳೆಗಾಲ ಕಳೆದ ಮೇಲೆ ಹೊರಡುತ್ತೇವೆ. ಕ್ಯಾಬಿನ್ ಹಂಚಿಕೆಯ ಜಗಳ ಮಾತ್ರ ಬಾಕಿ: ಗೊರಕೆ ಹೊಡೆಯುವವರು ಇಬ್ಬರಿದ್ದಾರೆ, ಒಪ್ಪಿಕೊಳ್ಳುವವರು ಯಾರೂ ಇಲ್ಲ.