ಕಣ್ಣಾರೆ ಕಂಡವರೂ ಬೇರೆಯವರನ್ನು ತೋರಿಸುವುದು ಹೇಗೆ? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ಮೇಡಂ, ಅಮೆರಿಕದ ರೊನಾಲ್ಡ್ ಕಾಟನ್ ಕೇಸಿನಲ್ಲಿ ಅತ್ಯಾಚಾರಕ್ಕೊಳಗಾದ ಜೆನಿಫರ್ ಥಾಂಪ್ಸನ್ ಆ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿಕೊಂಡಿದ್ದರಂತೆ. ಆದರೂ ನಿರಪರಾಧಿಯನ್ನು ತೋರಿಸಿದ್ದು ಹೇಗೆ?

ಉತ್ತರ: ಎಡವಟ್ಟಾಗಿದ್ದು ಆ ರಾತ್ರಿಯಲ್ಲ, ಆಮೇಲೆ ಪೊಲೀಸರ ಮುಂದೆ. 1984ರ ಜುಲೈ, ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್. ಮೊದಲು ಆರು ಫೋಟೊ ಇಟ್ಟರು. ಅಸಲಿ ಅಪರಾಧಿ ಬಾಬಿ ಪೂಲ್‌ನ ಫೋಟೊ ಅದರಲ್ಲಿ ಇರಲೇ ಇಲ್ಲ. ಹಾಗಾದಾಗ ಸಾಕ್ಷಿ, ಇದ್ದವರಲ್ಲಿ ಹೆಚ್ಚು ಹೋಲುವವರನ್ನು ಆರಿಸುತ್ತಾರೆ. ಥಾಂಪ್ಸನ್ ಸುಮಾರು ಐದು ನಿಮಿಷ ನೋಡಿ ಕಾಟನ್ ಫೋಟೊ ತೋರಿಸಿದರು. (ಗುರುತು ಸಿಕ್ಕವರಿಗೆ ಸಾಮಾನ್ಯವಾಗಿ ಅಷ್ಟು ಹೊತ್ತು ಬೇಕಾಗುವುದಿಲ್ಲ.) ನಂತರ ಏಳು ಜನರನ್ನು ಸಾಲಾಗಿ ನಿಲ್ಲಿಸಿದರು. ಫೋಟೊದಲ್ಲೂ ಸಾಲಿನಲ್ಲೂ ಇದ್ದದ್ದು ಕಾಟನ್ ಒಬ್ಬರೇ. 4ನೆಯವರೋ 5ನೆಯವರೋ ಎಂದು ತಡವರಿಸಿ 5 ಅಂದರು. ಫೋಟೊದಲ್ಲಿ ತೋರಿಸಿದ್ದೂ ಇವರನ್ನೇ ಎಂದು ಪೊಲೀಸರು ಹೇಳಿಬಿಟ್ಟರು. ಅನುಮಾನ ಅಲ್ಲಿಗೆ ಮುಗಿಯಿತು, ನೆನಪಿನಲ್ಲಿ ಕಾಟನ್ ಮುಖವೇ ಕೂತಿತು. 1987ರ ಮರುವಿಚಾರಣೆಯಲ್ಲಿ ಪೂಲ್‌ನನ್ನೇ ಎದುರಿಗೆ ತಂದಾಗ, ಇವನನ್ನು ನೋಡಿಯೇ ಇಲ್ಲ ಅಂದರು. ಸುಳ್ಳು ಹೇಳಲಿಲ್ಲ, ಅವರು ನಂಬಿದ್ದೇ ಹಾಗೆ. 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬರುವಷ್ಟರಲ್ಲಿ ಕಾಟನ್ ಹತ್ತೂವರೆ ವರ್ಷ ಒಳಗಿದ್ದರು.

ಪ್ರಶ್ನೆ: ಆರೋಪಿಯನ್ನು ಬೇರೆಯವರ ಜೊತೆ ನಿಲ್ಲಿಸಿ ಸಾಕ್ಷಿಗೆ ತೋರಿಸುವ ನಮ್ಮ ಗುರುತು ಪತ್ತೆ ಪರೇಡಿನಲ್ಲಿ ಏನೇನು ನೋಡಬೇಕು?

ಉತ್ತರ: ಪರೇಡ್ ಪೂರಕ ಅಷ್ಟೇ, ಮೂಲ ಸಾಕ್ಷ್ಯ ಕೋರ್ಟಿನಲ್ಲಿ ಗುರುತಿಸುವುದು. ಕರ್ನಾಟಕದಲ್ಲಿ ಎಷ್ಟೋ ಸಲ ತಹಸೀಲ್ದಾರರೇ ನಡೆಸುತ್ತಾರೆ. ಪಾಟೀಸವಾಲಿನಲ್ಲಿ ಕೇಳಿ: ಬಂಧಿಸಿ ಎಷ್ಟು ದಿನಕ್ಕೆ ಪರೇಡ್ ಆಯಿತು? ಆರೋಪಿಯನ್ನು ಮುಖ ಮುಚ್ಚಿ ಕರೆತಂದರಾ? ಅಷ್ಟರೊಳಗೆ ಫೋಟೊ ಪೇಪರಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬಂದಿತ್ತಾ? ಆರೋಪಿಗೆ ಗಡ್ಡವಿದ್ದರೆ ಪಕ್ಕದಲ್ಲಿ ನಿಂತವರಿಗೂ ಇತ್ತಾ? ನಾರ್ತ್ ಕ್ಯಾರೊಲಿನಾದ 2007ರ ಕಾನೂನಿನಲ್ಲಿ, ಅಪರಾಧಿ ಸಾಲಿನಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಮೊದಲೇ ಹೇಳಬೇಕು. ಎಷ್ಟು ಖಾತ್ರಿ ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ನಮ್ಮಲ್ಲೂ ಇದು ಬರಬೇಕು. 'ಇವನ ಥರ ಕಾಣ್ತಾನೆ' ಅಂದದ್ದು ದಾಖಲೆಯಲ್ಲಿ 'ಇವನೇ' ಆಗುವುದು ಆಗ ನಿಲ್ಲುತ್ತದೆ.

ಪ್ರಶ್ನೆ: ಕಾಟನ್ ಕ್ಷಮಿಸಿದರಂತಲ್ಲ. ನಾವೂ ಸಾಕ್ಷಿಯನ್ನು ಕಂಡು ಮಾತಾಡಬಹುದಾ?

ಉತ್ತರ: ಅಲ್ಲಿನ ಕ್ರಮ ನೋಡಿ. ದೋಷಮುಕ್ತರಾಗಿ ಎರಡು ವರ್ಷ ಕಳೆದ ಮೇಲೆ, 1997ರಲ್ಲಿ, ಭೇಟಿ ಬಯಸಿದವರು ಥಾಂಪ್ಸನ್. ಚರ್ಚೊಂದರಲ್ಲಿ ಸೇರಿದರು. ಅವರು ಕ್ಷಮೆ ಕೇಳಿದರು, ಕಾಟನ್ ಕ್ಷಮಿಸಿದರು, ತನ್ನ ಭಯ ಇಟ್ಟುಕೊಳ್ಳಬೇಡಿ ಅಂದರು. ಕೇಸು ನಡೆಯುತ್ತಿರುವಾಗ ಆರೋಪಿಯ ಕಡೆಯವರು ಸಾಕ್ಷಿಯ ಮನೆಗೆ ಹೋದರೆ ಬೆದರಿಕೆ ಹಾಕಿದರು ಎಂದಾಗುತ್ತದೆ, ಜಾಮೀನೂ ರದ್ದಾಗಬಹುದು.